ಕೊಡುವ ಸೇರು, ತಗೊಳ್ಳುವ ಸೇರು

ಪ್ರೀತಿಯ ಜನರಲ್,

ನಿನಗೆ ಕಾಗದ ಬರೆಯದೆ ಎಷ್ಟು ವರ್ಷ ಆಯಿತೋ ಮಾರಾಯ. ಫೋನ್ ಮಾಡೋಣ ಅಂದರೆ ಇಲ್ಲಿ ಕರೆಂಟ್ ಹೋದ ಕೂಡಲೇ ಟವರೂ ಹೋಗ್ತದೆ. ಟವರ್ ಇದ್ದ ದಿನ ನೀನೇ ಮಾತಾಡುತ್ತೀ, ನನಗೆ ಹೇಳಲಿಕ್ಕೆ ಬಿಡುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಓದುವವರೆಲ್ಲ ಓದಲಿ. ನಮ್ಮ ಹಾಸ್ಟೆಲಿನ ನಾಲ್ವರಂತೂ ಓದುತ್ತಾರೆ, ಗೊತ್ತು. ಅವರಿಗೂ ಒಂದು ನಮಸ್ಕಾರ, ಹನ್ನೊಂದನೇ ನಂಬರ್ ರೂಮಿನ ಬೆಕ್ಕಿಗೂ.

ನಮ್ಮ ಶಾಲೆಯಲ್ಲಿ ನಾವೊಂದು ವಸ್ತುಸಂಗ್ರಹಾಲಯ ಮಾಡಿದ್ದೇವೆ. ದೊಡ್ಡದೇನಲ್ಲ. ಮೊದಲು ಬಿಸಿಯೂಟದ ಅಕ್ಕಿ ಇಡುತ್ತಿದ್ದ ಕೋಣೆಯಲ್ಲಿ ಮೂರು ಮೇಜು, ಒಂದು ಕಪಾಟು, ಗೋಡೆಗೆ ಎರಡು ಹಲಗೆ. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಆಗ ನಮ್ಮ ಮಕ್ಕಳಿಗೆ ಬೇಸಿಗೆ ರಜೆ, ಬಾಗಿಲೇ ತೆಗೆಯುವುದಿಲ್ಲ. ಅದಕ್ಕೆ ನವೆಂಬರ್ 1ಕ್ಕೆ ಇಟ್ಟುಕೊಂಡೆವು. ಕೊಡಗು ತನ್ನದೇ ರಾಜ್ಯವಾಗಿದ್ದು, 1956ರಲ್ಲಿ ಅದೇ ದಿನ ಮೈಸೂರಿನ ಜೊತೆ ಸೇರಿದ್ದು. ಇದನ್ನು ಮಕ್ಕಳಿಗೆ ಹೇಳಲಿಕ್ಕೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ ಅನಿಸಿತು.

ಇದು ಶುರುವಾದದ್ದು ಒಂಬತ್ತನೇ ಕ್ಲಾಸಿನವರನ್ನು ಮಡಿಕೇರಿಗೆ ಕರೆದುಕೊಂಡು ಹೋದ ದಿನ. ಗೋಣಿಕೊಪ್ಪ ಕಡೆಯ ಮಕ್ಕಳು, ಎಷ್ಟೋ ಜನ ಕೋಟೆಯೊಳಗೆ ಕಾಲಿಟ್ಟವರೇ ಅಲ್ಲ. ಆ ಎರಡು ಗಾರೆ ಆನೆಗಳ ಹತ್ತಿರ ಅರ್ಧ ಗಂಟೆ ಹೋಯಿತು. ಕಾಡಾನೆ ಗದ್ದೆಗೆ ಇಳಿಯುವ ಊರಿನ ಮಕ್ಕಳು ಗಾರೆ ಆನೆಯ ಸೊಂಡಿಲು ಮುಟ್ಟಲಿಕ್ಕೆ ಸಾಲು ನಿಂತಿದ್ದವು, ನೋಡಬೇಕಿತ್ತು ನೀನು. ಮುದ್ದುರಾಜನ ಮಣ್ಣಿನ ಕೋಟೆ, ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದದ್ದು, 1812ರಿಂದ 14ರವರೆಗೆ ಲಿಂಗರಾಜೇಂದ್ರ ಕಟ್ಟಿಸಿದ ಅರಮನೆ, 1933ರಲ್ಲಿ ಬ್ರಿಟಿಷರು ಸೇರಿಸಿದ ಗಡಿಯಾರ ಗೋಪುರ, ಎಲ್ಲ ಹೇಳಿದೆ. 1837ರ ಅಕ್ಟೋಬರ್ 31ರಂದು ಬ್ರಿಟಿಷರ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮನೆಯವರ ಕಣ್ಣೆದುರೇ ಇಲ್ಲಿ ಗಲ್ಲಿಗೇರಿಸಿದರು ಎಂದಾಗ ಮಾತ್ರ ಮಕ್ಕಳು ಸುಮ್ಮನಾದವು. ನನ್ನ ಗಂಟಲೂ ಕಟ್ಟಿತು. ನಮ್ಮ ಮನೆಯಲ್ಲಿ ಆ ಹೆಸರನ್ನು ಹೇಗೆ ಹೇಳುತ್ತಿದ್ದರು ಅಂತ ನಿನಗೆ ಗೊತ್ತಲ್ಲ.

ಕೋಟೆಯ ವಸ್ತುಸಂಗ್ರಹಾಲಯ ಇರುವುದು 1859ರ ಸೇಂಟ್ ಮಾರ್ಕ್ಸ್ ಚರ್ಚಿನ ಕಟ್ಟಡದಲ್ಲಿ. ಬಣ್ಣದ ಗಾಜಿನಿಂದ ಬಿಸಿಲು ಒಳಗೆ ಬಿದ್ದಿತ್ತು. ಮಕ್ಕಳು ವಿಗ್ರಹ ನೋಡಿದವು, ಆಯುಧ ನೋಡಿದವು, ಹೊರಗೆ ಬಂದವು. ಹದಿನೈದು ನಿಮಿಷ. ಮೈಸೂರು ವಿಶ್ವವಿದ್ಯಾಲಯದಲ್ಲಿ, ಮಾನಸಗಂಗೋತ್ರಿಯಲ್ಲಿ ನಾವು ಮಾಡಿದ್ದೂ ಅಷ್ಟೇ ಅಲ್ಲವಾ? ಎರಡು ವರ್ಷ ಜಯಲಕ್ಷ್ಮಿ ವಿಲಾಸ ಅರಮನೆಯ ಪಕ್ಕದಲ್ಲೇ ಓಡಾಡಿ, ಪಿ. ಆರ್. ತಿಪ್ಪೇಸ್ವಾಮಿ, ಜೀ. ಶಂ. ಪರಮಶಿವಯ್ಯ ಅಂಥವರು ಊರೂರು ತಿರುಗಿ ಕೂಡಿಸಿದ ಜಾನಪದ ವಸ್ತುಗಳನ್ನು ಒಂದೇ ಒಂದು ಸಲ, ಅದೂ ಮಳೆ ಬಂತೆಂದು, ಒಳಗೆ ಹೋಗಿ ನೋಡಿದವರು ನಾವು. ಅವತ್ತು ಅಲ್ಲಿ ಬತ್ತ ಅಳೆಯುವ ಒಂದು ಸೇರಿನ ಮುಂದೆ ನಿಂತು ನಾನು ನಿನಗೆ ನಮ್ಮ ಅಜ್ಜನ ಕಥೆ ಹೇಳಿದ್ದೆ. ನೆನಪಿದೆಯಾ?

ಕೋಟೆಯಿಂದ ಸನ್ನಿಸೈಡಿಗೆ, ಜನರಲ್ ತಿಮ್ಮಯ್ಯನವರ ಮನೆಗೆ ಹೋದೆವು. ನಿನ್ನ ಲೈಸೆನ್ಸ್ ಟೆಸ್ಟ್ ನಡೆದ ಅದೇ ಸನ್ನಿಸೈಡ್. ಆರ್‌ಟಿಒ ಆಫೀಸು ಹೋಗಿ, 2021ರ ಫೆಬ್ರವರಿ 6ರಂದು ರಾಷ್ಟ್ರಪತಿಗಳು ಬಂದು ಜನರಲ್ ತಿಮ್ಮಯ್ಯ ಸಂಗ್ರಹಾಲಯವಾಗಿ ಉದ್ಘಾಟಿಸಿದ ಮೇಲೆ ನೀನು ಆ ಕಡೆ ಬಂದೇ ಇಲ್ಲ. ಯಾಕೆ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅಂಗಳದಲ್ಲಿ ಯುದ್ಧ ಟ್ಯಾಂಕ್ ಉಂಟು. ಒಳಗೆ ಒಬ್ಬ ಮನುಷ್ಯನ ಇಡೀ ಬದುಕು ಉಂಟು: 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು ಕೊರಿಯಾದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾದದ್ದು, ಭೂಸೇನೆಯ ಮುಖ್ಯಸ್ಥರಾದದ್ದು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸುತ್ತಿರುವಾಗಲೇ ತೀರಿಕೊಂಡದ್ದು. ಅಲ್ಲಿ ಮಕ್ಕಳು ಹೊರಗೆ ಬರಲೇ ಇಲ್ಲ. ಒಬ್ಬ ಹುಡುಗ ಕೇಳಿದ: "ಸಾರ್, ಇದು ಅವರು ಚಿಕ್ಕವರಿದ್ದಾಗ ಆಡಿದ ಮನೆಯಾ? ಮನೆಯೂ ಮ್ಯೂಸಿಯಂ ಆಗ್ತದಾ?"

ಆಗ್ತದೆ ಅಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅದೇ ಉತ್ಸಾಹದಲ್ಲಿ ಘೋಷಿಸಿಯೂ ಬಿಟ್ಟೆ: ಎಲ್ಲರೂ ಮನೆಯಿಂದ ಒಂದು ಹಳೇ ಸಾಮಾನು ತನ್ನಿ, ಅದರ ಕಥೆ ಕೇಳಿಕೊಂಡು ಬನ್ನಿ, ನಮ್ಮದೇ ಮ್ಯೂಸಿಯಂ ಮಾಡೋಣ.

ಬಂದವು ಮಾರಾಯ, ಎಂತೆಂಥ ಸಾಮಾನು! ಬೆಳ್ಳಿ ಹಿಡಿಯ ಪೀಚೆಕತ್ತಿ ಒಂದು (ಅಪ್ಪನೇ ಜೊತೆಗೆ ಬಂದು ತೋರಿಸಿ ವಾಪಸ್ ಒಯ್ದರು, ಅದು ಸರಿಯೇ). ಒತ್ತುಶ್ಯಾವಿಗೆ ಮಣೆ, ಕಂಚಿನ ದೀಪ, ಎತ್ತಿನ ಕೊರಳ ಗಂಟೆ, ಒಬ್ಬ ತಾತನ ಫೌಜಿನ ಟ್ರಂಕು. ಪೊನ್ನಂಪೇಟೆ ಕಡೆಯ ಒಬ್ಬ ಹುಡುಗ ಹಲಸಿನ ಮರದ ಒಂದು ಸೇರು ತಂದಿದ್ದ. ಬಾಯಿಗೂ ಬುಡಕ್ಕೂ ಹಿತ್ತಾಳೆಯ ಪಟ್ಟಿ, ಒಳಗೆ ಬತ್ತದ ಹೊಟ್ಟು ಇನ್ನೂ ಒಂದೆರಡು ಸಂದಿಯಲ್ಲಿ ಅಂಟಿಕೊಂಡಿತ್ತು. ಅದನ್ನು ಕೈಗೆ ತೆಗೆದುಕೊಂಡು, ನಿನಗೆ ಹೇಳಿದ ಅದೇ ಕಥೆಯನ್ನು ಕ್ಲಾಸಿಗೂ ಹೇಳಿದೆ. ನಮ್ಮ ಅಜ್ಜ ಬತ್ತ ಅಳೆಯುವಾಗ ಒಂದು ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದರು. ಲಾಭ, ಎರಡು, ಮೂರು. ಕಣದಲ್ಲಿ ಆ ದನಿ ಹೇಗೆ ತೇಲುತ್ತಿತ್ತು, ನಮ್ಮ ಸೇರು 2018ರ ಗುಡ್ಡ ಕುಸಿತದಲ್ಲಿ ಹೇಗೆ ಮಣ್ಣಿನ ಪಾಲಾಯಿತು, ಅದನ್ನೂ ಹೇಳಿದೆ. ಮಕ್ಕಳು ಕಣ್ಣು ಪಿಳುಕಿಸದೆ ಕೇಳಿದವು.

ಹನ್ನೆರಡು ಮಕ್ಕಳು ಏನೂ ತಂದಿರಲಿಲ್ಲ. ಮರೆತಿದ್ದಾರೆ ಎಂದುಕೊಂಡೆ, ಮಾರನೇ ದಿನ ಮತ್ತೆ ಕೇಳಿದೆ. ಮೂರನೇ ದಿನ ಸ್ವಲ್ಪ ಗದರಿಯೂ ಗದರಿದೆ. ಆಗ ಒಬ್ಬಳು ಎದ್ದು ನಿಂತಳು, ತಿತಿಮತಿ ಕಡೆಯ ಕಾಫಿ ತೋಟದ ಕೂಲಿಗಳ ಲೈನ್ ಮನೆಯಿಂದ ಬರುವ, ಯರವ ಬುಡಕಟ್ಟಿನ ಹುಡುಗಿ. ಕ್ಲಾಸಿನಲ್ಲಿ ಒಂದು ವರ್ಷದಿಂದ ಅವಳ ದನಿ ಕೇಳಿದವನಲ್ಲ ನಾನು. "ನಮ್ಮ ಮನೆಯಲ್ಲಿ ಹಳೇದು ಏನೂ ಇಲ್ಲ ಸಾರ್. ಅಜ್ಜಿ ಮಾತ್ರ ಇದ್ದಾರೆ."

ಹನ್ನೆರಡು ಮಕ್ಕಳೂ ಲೈನ್ ಮನೆಯವು, ಬುಡಕಟ್ಟಿನವರ ಹಾಡಿಯವು. ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಇದು ಬಸ್ಸಿನಲ್ಲೇ ಹೊಳೆಯಬೇಕಿತ್ತು. ಹಳೇ ಸಾಮಾನು ಉಳಿಯಲಿಕ್ಕೆ ಒಂದು ಅಟ್ಟ ಬೇಕು. ಅಟ್ಟಕ್ಕೆ ಸ್ವಂತ ಮನೆ ಬೇಕು. ತೋಟದಿಂದ ತೋಟಕ್ಕೆ ಹೋಗುವವರು ತಲೆಯ ಮೇಲೆ ಎಷ್ಟು ಹೊರಬಹುದೋ ಅಷ್ಟನ್ನೇ ಇಟ್ಟುಕೊಳ್ಳುತ್ತಾರೆ. ನಾನು "ನಮ್ಮದೇ ಮ್ಯೂಸಿಯಂ" ಅಂದದ್ದು ಅಟ್ಟ ಇದ್ದವರ ಮ್ಯೂಸಿಯಂ ಆಗಿತ್ತು.

ಹಾಗಾದರೆ ಅಜ್ಜಿಯನ್ನೇ ಕರೆದುಕೊಂಡು ಬಾ ಅಂದೆ. ಅವಳು ನಿಜವಾಗಿಯೂ ಕರೆದುಕೊಂಡು ಬಂದಳು. ಅರೇಬಿಕಾ ಹಣ್ಣಾಗಿದೆ, ಕೊಯ್ಲು ಶುರುವಾಗಿದೆ. ಆ ಮುದುಕಿ ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ನವೆಂಬರ್ 1, ಬಾವುಟ, ನಾಡಗೀತೆ ಎಲ್ಲ ಮುಗಿದ ಮೇಲೆ ಕೋಣೆಯೊಳಗೆ ಕರೆದೆವು. ಕುರ್ಚಿ ಹಾಕಿದರೂ ಕೂರಲಿಲ್ಲ. ಮೇಜಿನ ಮೇಲಿದ್ದ ಒಂದೊಂದನ್ನೂ ನೋಡುತ್ತಾ ಹೋದರು, ಮುಟ್ಟಲಿಲ್ಲ. ಸೇರಿನ ಹತ್ತಿರ ನಿಂತರು. ಮುಟ್ಟಬಹುದಾ ಎಂಬಂತೆ ನನ್ನನ್ನು ನೋಡಿ, ಎತ್ತಿಕೊಂಡರು. ಎಡಗೈಯಲ್ಲಿ ಹಿಡಿದು, ಬಲಗೈ ಒಳಗೆ ಇಳಿಸಿ ಬೆರಳಿನಿಂದ ತಳ ಮುಟ್ಟಿದರು. ಆಮೇಲೆ ಅಂಗೈ ಚಪ್ಪಟೆ ಮಾಡಿ ಬಾಯಿಯ ಮೇಲೆ ಒಮ್ಮೆ ಸವರಿದರು. ಖಾಲಿ ಸೇರು. ಆದರೂ ತುಂಬಿದ ಬತ್ತವನ್ನು ಸಮ ಮಾಡಿ ಕೆಳಗೆ ತಳ್ಳಿದ ಹಾಗೆ.

ಕೇಳಿದರು: "ಇದು ಕೊಡುವ ಸೇರಾ ಸಾರೇ, ತಗೊಳ್ಳುವ ಸೇರಾ?"

ಮಕ್ಕಳಿಗೆ ಅರ್ಥವಾಗಲಿಲ್ಲ. ಸೇರು ತಂದ ಹುಡುಗನಿಗೂ ಆಗಲಿಲ್ಲ. ನನಗೆ ಆಯಿತು. ಸಾವ್ಕಾರ್ರ ಮನೆಯಲ್ಲಿ ಎರಡು ಇರುತ್ತಿದ್ದವು, ಕೂಲಿ ಬತ್ತ ಕೊಡುವಾಗ ಒಂದು, ಕೊಟ್ಟ ಸಾಲದ ಬತ್ತ ವಾಪಸ್ ಅಳೆಯುವಾಗ ಇನ್ನೊಂದು ಎಂದು ಅವರೇ ಮೆಲ್ಲಗೆ ವಿವರಿಸಿದರು. ಸಿಟ್ಟಿನಿಂದ ಹೇಳಲಿಲ್ಲ. ಇದು ಉದ್ದಿನಬೇಳೆ, ಇದು ಹೆಸರುಬೇಳೆ ಎಂದು ತೋರಿಸಿಕೊಡುವಂತೆ ಹೇಳಿದರು. ಜೀತ ಕಾನೂನಿನಲ್ಲಿ 1976ಕ್ಕೇ ಮುಗಿಯಿತು ಎಂದು ನಾನು ಸಮಾಜ ಪಾಠದಲ್ಲಿ ಬೋರ್ಡಿನ ಮೇಲೆ ಬರೆಸುತ್ತೇನೆ, ಎರಡು ಅಂಕದ ಪ್ರಶ್ನೆ. ಆ ವರ್ಷ ಈ ಅಜ್ಜಿಗೆ ಎಷ್ಟು ವಯಸ್ಸಿರಬಹುದು ಎಂದು ಅಲ್ಲೇ ಲೆಕ್ಕ ಹಾಕಿದೆ. ಕಣದಲ್ಲಿ ಸಾಲು ನಿಲ್ಲುವಷ್ಟು ವಯಸ್ಸು.

ದೇವರಪುರದ ಕುಂಡೆ ಹಬ್ಬದಲ್ಲಿ ಇವರೆಲ್ಲ ವೇಷ ಕಟ್ಟಿ ಬಂದು ದೇವರನ್ನೂ ನಮ್ಮನ್ನೂ ಬಾಯಿ ತುಂಬ ಬೈಯುವಾಗ ನಾವು ನಕ್ಕು ಕಾಸು ಕೊಡುತ್ತೇವಲ್ಲ, ಆ ಬೈಗುಳವನ್ನು ಈ ಸಲದಿಂದ ಬೇರೆ ರೀತಿ ಕೇಳಬೇಕು.

ಇಷ್ಟೇ ಬರೆದು ಮುಗಿಸಬೇಕೆಂದಿದ್ದೆ ಜನರಲ್. ಶಾಲೆ, ಮ್ಯೂಸಿಯಂ, ಒಬ್ಬ ಅಜ್ಜಿ. ಲೈಕು ಬರುತ್ತಿತ್ತು. ಆದರೆ ನಿನಗೆ ಬರೆಯುತ್ತಾ ಕೂತರೆ ಇಲ್ಲಿಗೆ ನಿಲ್ಲಿಸಲಾಗುವುದಿಲ್ಲ.

ನಮ್ಮ ಮನೆಯ ಅಟ್ಟದಲ್ಲೂ ಎರಡು ಸೇರು ಇದ್ದವು. ನಿನಗೆ ಒಂದರ ಕಥೆ ಮಾತ್ರ ಹೇಳಿದ್ದೆ. ಅವು ಮಣ್ಣಿನ ಪಾಲಾಗಲಿಲ್ಲ. 2017ರ ಬೇಸಿಗೆಯಲ್ಲಿ, ಅವ್ವ ತಂಗಿಯ ಮನೆಗೆ ಹೋಗಿದ್ದಾಗ, ಪಿಕಪ್ ಗಾಡಿಯಲ್ಲಿ ಹಳೇ ಸಾಮಾನು ಕೇಳಿಕೊಂಡು ಬಂದವನಿಗೆ ನಾನೇ ಕೊಟ್ಟೆ. ಎರಡು ಸೇರು, ಒಂದು ತಾಮ್ರದ ಹಂಡೆ, ಎರಡೂವರೆ ಸಾವಿರ. ಯಾವುದೋ ರೆಸಾರ್ಟಿಗೆ ಅಂದ. ಆ ದುಡ್ಡು ಎಂತಕ್ಕೆ ಖರ್ಚಾಯಿತು ಎಂದೂ ನೆನಪಿಲ್ಲ.

ಮರುವರ್ಷ ಆಗಸ್ಟಿನಲ್ಲಿ ಗುಡ್ಡ ಬಂತು. ಮದೆನಾಡಿನ ಆಚೆ ಏನಾಯಿತು ಎಂದು ನೀನು ನೋಡಿದವನು. ಜೋಡುಪಾಲದಲ್ಲಿ ಮನೆ, ಮನುಷ್ಯರು ಎರಡೂ ಹೋದ ದಿನಗಳು ಅವು. ನಮ್ಮದು ಅಟ್ಟದ ಬದಿಯ ಗೋಡೆ ಮಾತ್ರ ಕುಸಿದಿತ್ತು. ನಿರಾಶ್ರಿತರ ಕೇಂದ್ರದಲ್ಲಿ ಅವ್ವ ಕೇಳಿದಳು, "ಅಜ್ಜನ ಸೇರೂ ಹೋಯಿತಾ?" "ಹೋಯಿತವ್ವ" ಅಂದೆ. ಅಷ್ಟೇ. ಎರಡು ಪದ. ಆಮೇಲೆ ಅದನ್ನೇ ಎಲ್ಲರಿಗೂ ಹೇಳಿದೆ.

ನಿನಗೂ ಹೇಳಿದೆ. ನೀನು ಮೈಸೂರಿನಿಂದ ಹತ್ತು ಮೂಟೆ ಅಕ್ಕಿ, ಕಂಬಳಿ ಹೇರಿಕೊಂಡು ಬಂದವನು, ನಮ್ಮ ಮನೆಯ ಹಿಂದೆ ಹಾರೆ ಹಿಡಿದು ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಅಗೆದೆ. ಅಜ್ಜನ ಸೇರು ಹುಡುಕಲಿಕ್ಕೆ. ಮಳೆ ನಿಂತಿರಲಿಲ್ಲ. ಮೊಣಕಾಲವರೆಗೆ ಕೆಸರು. ಒಂದು ಕತ್ತಿ ಸಿಕ್ಕಿತು, ಒಂದು ಕಂಚಿನ ತಟ್ಟೆ. ನಾನು ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ, ಸಾಕು ಬಿಡು ಅಂದೆ, ನಿಜ ಹೇಳಲಿಲ್ಲ. ನೀನು ಹಣೆಯ ಮಣ್ಣು ಒರೆಸಿಕೊಂಡು "ಸಿಗಲಿಲ್ಲ ಮೇಷ್ಟ್ರೇ, ಕ್ಷಮಿಸು" ಅಂದೆ. ಕ್ಷಮಿಸು ಅಂದವನು ನೀನು.

ನಿಜವಾಗಿ ಎಲ್ಲ ಕಳೆದುಕೊಂಡವರ ನಡುವೆ ನಿಂತು ಹೇಳಿದ ಸುಳ್ಳು ಅದು. ಅವರ ನಷ್ಟದ ಮರೆಯಲ್ಲಿ ನನ್ನದನ್ನು ಇಟ್ಟೆ. ಈಗ ಇನ್ನೊಂದೂ ಹೊಟ್ಟೆಯಲ್ಲಿ ಕೂತಿದೆ. ಆ ಎರಡು ಸೇರು ಇವತ್ತು ನನ್ನ ಕೈಯಲ್ಲಿದ್ದಿದ್ದರೆ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಒಂದನ್ನು ಅಕ್ಕಿಯಿಂದ ತುಂಬಿ ಇನ್ನೊಂದಕ್ಕೆ ಸುರಿಯಬಹುದಿತ್ತು. ಉಕ್ಕಿ ಮೇಜಿನ ಮೇಲೆ ಚೆಲ್ಲುವ ಅಕ್ಕಿಯನ್ನು ಮಕ್ಕಳೇ ಎಣಿಸುತ್ತಿದ್ದವು. ಗಣಿತ, ಸಮಾಜ, ಎಲ್ಲ ಒಂದೇ ಪಾಠದಲ್ಲಿ. ಆ ಹುಡುಗಿಯ ಅಜ್ಜಿ ಹೇಳಿದ್ದು ನಿಜವೆಂದು ಸಾವ್ಕಾರ್ರ ಮನೆಯ ಹುಡುಗನ ಕಣ್ಣಿಗೇ ಕಾಣುತ್ತಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ಒಂದು ವಸ್ತು ಮಾತ್ರ ಹೇಳಬಲ್ಲದು, ಅದು ಇದ್ದರೆ. ನಮ್ಮ ಮನೆಯದನ್ನು ನಾನು ಮಾರಿದೆ. ಈಗ ಯಾವುದೋ ರೆಸಾರ್ಟಿನಲ್ಲಿ ಅದರೊಳಗೆ ಹೂವು ಇಟ್ಟಿರುತ್ತಾರೆ.

ಇದನ್ನು ಇಲ್ಲಿ ಹಾಕುವ ಮೊದಲು ನಿನ್ನೆ ರಾತ್ರಿ ಅವ್ವನಿಗೆ ಹೇಳಿದೆ. ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅದರಲ್ಲಿ ಒಂದು ಸಣ್ಣದಿತ್ತು" ಅಂದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ? ಅಳೆದು ಕೊಡುತ್ತಿದ್ದವಳು ನಾನೇ ಅಲ್ಲವಾ."

ಮತ್ತೆ ಬೆಳ್ಳುಳ್ಳಿ ಸುಲಿಯಲಿಕ್ಕೆ ತೊಡಗಿದಳು.

ಸರಿ. ಇಷ್ಟು ಸಾಕು. ಇವತ್ತು ಬಿಸಿಲು ಚೆನ್ನಾಗಿದೆ, ಬಹಳ ದಿನಗಳ ಮೇಲೆ. ನಮ್ಮ ಮ್ಯೂಸಿಯಂನಲ್ಲಿ ಈಗ ವಾರಕ್ಕೊಬ್ಬರು ಅಜ್ಜಿ, ಅಜ್ಜ ಬರುತ್ತಾರೆ. ಶನಿವಾರ ಒಬ್ಬರು ಕಾಡುಗೆಣಸು ಅಗೆಯುವ ಕೋಲಿನ ಜೊತೆ ಬರುತ್ತೇನೆಂದಿದ್ದಾರೆ. ಮಕ್ಕಳು ಪ್ರತಿಯೊಂದಕ್ಕೂ ಚೀಟಿ ಬರೆದು ಅಂಟಿಸಿವೆ. ಸೇರಿನ ಚೀಟಿಯನ್ನು ಆ ಹುಡುಗಿ, ಸೇರು ತಂದ ಹುಡುಗ ಇಬ್ಬರೂ ಕೂತು ಬರೆದರು. "ಮರದ ಸೇರು. ಹಲಸಿನ ಮರ, ಹಿತ್ತಾಳೆ ಪಟ್ಟಿ. ಕೊಡುವುದೋ ತಗೊಳ್ಳುವುದೋ ಇನ್ನೂ ಗೊತ್ತಿಲ್ಲ. ಇನ್ನೊಂದನ್ನು ಮನೆಯಲ್ಲಿ ಹುಡುಕುತ್ತಿದ್ದೇವೆ." ಹುಡುಗನ ಕೈಬರಹ ಕೋಳಿ ಕೆದರಿದಂತಿದೆ, ಬದಲಿಸಲು ನಾನು ಬಿಡಲಿಲ್ಲ.

ಹುತ್ತರಿ ಸುಗ್ಗಿ ಹಬ್ಬಕ್ಕೆ ಬಾ. ಅವ್ವ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮಾಡುತ್ತಾಳೆ, ಗೆಣಸು ಉಂಟು, ಜೇನೂ ಸಿಗಬಹುದು. ಬೈಯುವುದಿದ್ದರೆ ಎದುರು ಕೂತು ಬೈ, ಫೋನಿನಲ್ಲಿ ಬೇಡ, ಟವರ್ ನಡುವೆ ಹೋದರೆ ಅರ್ಧ ಬೈಗುಳ ನಿನ್ನಲ್ಲೇ ಉಳಿದುಬಿಡುತ್ತದೆ. ಬಸ್ಸಿಗೆ ಬಾ, ಗೋಣಿಕೊಪ್ಪದಲ್ಲಿ ನಾನು ಕಾಯುತ್ತೇನೆ. ಗಾಡಿ ತರಬೇಡ. ಸನ್ನಿಸೈಡಿನ ಆ ಕಂಬದ ಆಣೆ.

ನಿನ್ನ
ಮೇಷ್ಟ್ರು