ಗೋಲ್ ಪೋಸ್ಟ್ ಹಿಂದೆ ನಿಲ್ಲುತ್ತಿದ್ದ ಅಂಕಲ್‌ಗೆ

ಬೆಂಗಳೂರಿನ ಆಸ್ಟಿನ್ ಟೌನ್ ಫುಟ್‌ಬಾಲ್ ಮೈದಾನದಲ್ಲಿ ಸಂಜೆ ಹೊತ್ತು ಗೋಲ್ ಪೋಸ್ಟ್ ಹಿಂದೆ ನಿಲ್ಲುತ್ತಿದ್ದ ಅಂಕಲ್, ಇದು ನಿಮಗೆ. ಮಕ್ಕಳು ಎಷ್ಟು ಕೇಳಿದರೂ ನೀವು ಹೆಸರು ಹೇಳಲಿಲ್ಲ.

ನನ್ನ ಮಗಳು ಶಾಲೆ ತಂಡದ ಗೋಲ್‌ಕೀಪರ್. ಶಾಲಾ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸುಬ್ರೋತೋ ಕಪ್‌ನ 17 ವರ್ಷದೊಳಗಿನ ಹುಡುಗಿಯರ ವಿಭಾಗಕ್ಕೆ ಹೆಸರು ಕೊಟ್ಟಾಗ ಕೀಪಿಂಗ್ ಹೇಳಿಕೊಡುವವರು ಯಾರೂ ಇರಲಿಲ್ಲ. ಪಿ.ಟಿ. ಸರ್ ಒಬ್ಬರೇ, ಇಡೀ ತಂಡ ನೋಡಿಕೊಳ್ಳುವುದೇ ಅವರಿಗೆ ಸಾಕಾಗುತ್ತಿತ್ತು. 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲಿನ ಮುಂದೆ ಸುಮ್ನೆ ಹಾರಿದರೆ ಆಗಲ್ಲ ಅಲ್ವಾ? ಗೆರೆಗೆ ಅಂಟಿಕೊಂಡು ನಿಲ್ಲಬೇಡ, ಹೊಡೆಯುವವಳ ಕಡೆ ಮುಂದೆ ಬಾ, ಆಗ ಅವಳಿಗೆ ಕಾಣುವ ಜಾಗ ಚಿಕ್ಕದಾಗುತ್ತೆ ಅಂತ ನೀವು ತೋರಿಸಿದಿರಿ. ಬೀಳುವಾಗ ಮೊಣಕೈ ಊರಬೇಡ ಅಂದಿರಿ. ಪೆನಾಲ್ಟಿಯಲ್ಲಿ ಮಾತ್ರ ಚೆಂಡು ಒದೆಯುವ ತನಕ ಒಂದು ಕಾಲಾದರೂ ಗೆರೆ ಮೇಲೋ ಅದರ ಹಿಂದೋ ಇರಬೇಕು ಅನ್ನುವ ನಿಯಮವನ್ನು, ಮಳೆಯಲ್ಲಿ ನೆನೆಯುತ್ತಲೇ, ಅವಳಿಗೆ ಅಭ್ಯಾಸ ಆಗುವವರೆಗೂ ಮತ್ತೆ ಮತ್ತೆ ಮಾಡಿಸಿದಿರಿ.

ಜಿಲ್ಲಾ ಮಟ್ಟದಲ್ಲಿ ನಮ್ಮವರು ಸೋತರು, ಟೈಬ್ರೇಕರ್‌ನಲ್ಲಿ. ಆದರೆ ಅವಳು ಎರಡು ಪೆನಾಲ್ಟಿ ತಡೆದಳು ಅಂಕಲ್, ಎರಡೂ ನೀವು ಹೇಳಿದ ಹಾಗೇ! ನಿಮಗೆ ಹೇಳಬೇಕು ಅಂತ ಮಾರನೇ ದಿನವೇ ಮೈದಾನಕ್ಕೆ ಓಡಿದಳು, ನೀವು ಬಂದಿರಲಿಲ್ಲ. ಒಂದು ಪೈಸೆ ತಗೊಳ್ಳದೆ ಬೇರೆಯವರ ಮಕ್ಕಳಿಗಾಗಿ ಇಷ್ಟು ಮಾಡಿದ ನಿಮಗೆ ನಮ್ಮ ಮನೆಯವರೆಲ್ಲರ ನಮಸ್ಕಾರ. ನೀವು ಕೊಟ್ಟಿದ್ದ ಗ್ಲೌಸ್ ನಮ್ಮ ಹತ್ತಿರವೇ ಇದೆ. ತಂಡ ಈಗಲೂ ಸಂಜೆ ಅಲ್ಲೇ ಆಡುತ್ತೆ, ದಯವಿಟ್ಟು ಒಂದ್ಸಲ ಬನ್ನಿ.