ಬೆಳಗುವ ಕತ್ತಿಗೆ ಎಲ್‌ಇಡಿ ಆಯ್ದುಕೊಳ್ಳುವ ಮುನ್ನ

ಮಡಿಕೇರಿ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಮಧ್ಯಾಹ್ನ ಮೂರು ಗಂಟೆಗೇ ಅಂಗಳದ ತುಂಬ ಮಂಜು ಕವಿದು ದೀಪ ಹಾಕಬೇಕಾಗುತ್ತಿದೆ. ಗೋಣಿಕೊಪ್ಪಲಿನ ನಿಮ್ಮ ಬೀದಿಯ ಹುಡುಗರು ದಸರಾಕ್ಕೆ ಆಡುವ ಮಹಿಷವಧೆಯ ನಾಟಕಕ್ಕೆ ಬೆಳಗುವ ಕತ್ತಿಗಳನ್ನು ಮಾಡಿಕೊಡುವ ಹೊಣೆಯನ್ನು ನೀನು ಹೊತ್ತಿರುವೆಯೆಂದು ತಿಳಿದು ಬಹಳ ಸಂತೋಷವಾಯಿತು. ದೇವಿಯ ಕತ್ತಿಗೆ ನೀಲಿ, ಮಹಿಷನ ಕತ್ತಿಗೆ ಕೆಂಪು ಎಂದು ನಿರ್ಧರಿಸಿರುವುದೂ ಸರಿಯಾಗಿದೆ. ಆದರೆ 'ಹತ್ತು ವಾಟಿನದು ತೆಗೆದುಕೊಳ್ಳಲೇ, ಇಪ್ಪತ್ತು ವಾಟಿನದು ತೆಗೆದುಕೊಳ್ಳಲೇ' ಎಂದು ನೀನು ಕೇಳಿದ್ದೀಯಲ್ಲ, ಆ ಪ್ರಶ್ನೆಯನ್ನು ಓದಿದ ಮೇಲೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಅದೇ ಪ್ರಶ್ನೆಯನ್ನು ಮೊದಲು ಕೇಳಿಕೊಂಡು ನಾನೂ ಒಮ್ಮೆ ಕೆಲಸ ಕೆಡಿಸಿಕೊಂಡವನು.

ಆ ಸಂಗತಿಯನ್ನು ನಿನಗೆ ಹೇಳಿರಲಿಲ್ಲ. ಹಲವು ವರ್ಷಗಳ ಹಿಂದೆ ಇಲ್ಲಿನ ದಸರಾ ಮೆರವಣಿಗೆಯಲ್ಲಿ ಹೊರಡುವ ದಶಮಂಟಪಗಳ ಪೈಕಿ ಒಂದಕ್ಕೆ ಅಸುರನ ಕೈಯಲ್ಲಿ ಹಿಡಿಸುವ ಕತ್ತಿಯನ್ನು ಬೆಳಗಿಸಿಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಅಂಗಡಿಯಲ್ಲಿ ಕೆಂಪು ಎಲ್‌ಇಡಿ ಇರಲಿಲ್ಲ. ಹತ್ತು ವಾಟಿನದೆಂದು ಹೇಳಿ ಕೊಟ್ಟ ಬಿಳಿ ಎಲ್‌ಇಡಿಯನ್ನೇ ತಂದು, ಅದರ ಮೇಲೆ ನಾಟಕದವರು ಬಳಸುವ ಕೆಂಪು ಜಿಲೆಟಿನ್ ಹಾಳೆಯನ್ನು ಸುತ್ತಿದೆ. ಬೆಳಕು ಸಾಲಲಿಲ್ಲ. ಸಾಲಲಿಲ್ಲವೆಂದು ಕರೆಂಟ್ ಹೆಚ್ಚಿಸಿದೆ. ಹಿಡಿಯನ್ನು ಹಲಸಿನ ಮರದಲ್ಲಿ ಕೆತ್ತಿಸಿ, ಎಲ್‌ಇಡಿಯನ್ನು ಬಿಸಿ ಅಂಟಿನಿಂದ ಅದರೊಳಗೆ ಕೂರಿಸಿದ್ದೆ. ವಿಜಯದಶಮಿಯ ರಾತ್ರಿ ಮಂಟಪ ಹೊರಟು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಕತ್ತಿ ಮಂಕಾಗುತ್ತ ಬಂದು ಆರಿಹೋಯಿತು. ಬೆಳಗಿನ ಜಾವದವರೆಗೆ ಅಸುರನು ಸತ್ತ ಕತ್ತಿಯನ್ನೇ ಎತ್ತಿ ಹಿಡಿದಿದ್ದ. ಮರುದಿನ ಹಿಡಿಯನ್ನು ಬಿಚ್ಚಿ ನೋಡಿದರೆ ಅಂಟು ತುಪ್ಪದಂತೆ ಕರಗಿ ಒಳಗೆಲ್ಲ ಹರಿದು ಮತ್ತೆ ಹೆಪ್ಪುಗಟ್ಟಿತ್ತು. ಎಲ್‌ಇಡಿಯ ಹಳದಿ ಮುಖದ ನಡುವೆ ಸಾಸಿವೆ ಕಾಳಿನಷ್ಟು ಕಂದು ಕಲೆ ಬಿದ್ದಿತ್ತು. ಮರದಲ್ಲಿ ಸುಟ್ಟ ವಾಸನೆ ಇನ್ನೂ ಉಳಿದಿತ್ತು. ಅಂದು ನಾನು ಮಾಡಿದ ತಪ್ಪು ಒಂದಲ್ಲ, ಮೂರು. ಆದರೆ ಒಂದರ ಬಾಲವನ್ನು ಇನ್ನೊಂದು ಹಿಡಿದುಕೊಂಡೇ ಬಂದಿತ್ತು.

ಮೊದಲನೆಯದು ಬಣ್ಣದ್ದು. ಬಿಳಿ ಎಲ್‌ಇಡಿ ಎಂಬುದು ನಿಜವಾಗಿ ನೀಲಿ ಎಲ್‌ಇಡಿಯೇ. ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪಿಸಿರುತ್ತಾರೆ. ನೀಲಿಯ ಒಂದು ಪಾಲನ್ನು ಆ ಲೇಪ ಹಳದಿಯಾಗಿ ಮಾರ್ಪಡಿಸಿ, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಆ ಬೆಳಕಿನಲ್ಲಿ ಅಚ್ಚ ಕೆಂಪು ಇರುವುದೇ ಸ್ವಲ್ಪ. ಮೇಲೆ ಕೆಂಪು ಹಾಳೆ ಹಾಕಿದರೆ ಆ ಸ್ವಲ್ಪವಷ್ಟೇ ಹೊರಬಂದು ಉಳಿದದ್ದೆಲ್ಲ ಹಾಳೆಯಲ್ಲೇ ಬಿಸಿಯಾಗಿ ನಷ್ಟವಾಗುತ್ತದೆ. ಆದ್ದರಿಂದ ಯಾವ ಬಣ್ಣ ಬೇಕೋ ಆ ಬಣ್ಣವನ್ನೇ ಹುಟ್ಟಿಸುವ ಎಲ್‌ಇಡಿಯನ್ನು ತೆಗೆದುಕೊಳ್ಳಬೇಕು. ಮೂರು ವಾಟಿನ ಕೆಂಪು ಎಲ್‌ಇಡಿಯೊಂದು ನನ್ನ ಆ ಹತ್ತು ವಾಟಿನ ಬಿಳಿಗಿಂತ ಚೆನ್ನಾಗಿ ಬೆಳಗುತ್ತಿತ್ತು. ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕಾಗಿಯೇ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಹೊಲೊನ್ಯಾಕ್ 1962ರಲ್ಲೇ ಮಾಡಿದ್ದರು. ನಾನು ರೇಡಿಯೊ ರಿಪೇರಿ ಕಲಿಯುವಾಗ ನೀಲಿ ದೀಪದ ಎಲ್‌ಇಡಿಯೇ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಈಗ ಅದನ್ನು ನೀನು ಕತ್ತಿಗೆ ಹಾಕುತ್ತಿದ್ದೀಯೆಂದರೆ ನನಗೆ ನಿಜವಾಗಿಯೂ ಸೋಜಿಗ.

ಬಣ್ಣವನ್ನು ಹೆಸರಿನಿಂದ ಕೊಳ್ಳಬೇಡ, ಬೆಳಕಿನ ಅಲೆಯ ಉದ್ದವನ್ನು ಹೇಳುವ ನ್ಯಾನೊಮೀಟರ್ ಕೇಳಿ ಕೊಳ್ಳು. ನಮ್ಮ ಕಣ್ಣು ಹಗಲಿನ ಬೆಳಕಿನಲ್ಲಿ 555 ನ್ಯಾನೊಮೀಟರ್ ಸುಮಾರಿನ ಹಳದಿ ಹಸಿರಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ಅಲ್ಲಿಂದ ಎರಡೂ ಬದಿಗೆ ದೂರ ಹೋದಂತೆಲ್ಲ ಅಷ್ಟೇ ಶಕ್ತಿಯ ಬೆಳಕು ಮಂಕಾಗಿ ಕಾಣುತ್ತದೆ. ಕೆಂಪೆಂದು ಮಾರುವುದರಲ್ಲಿ 620ರಿಂದ 630ರವರೆಗಿನದೂ ಇದೆ, ನರ್ಸರಿಗಳಲ್ಲಿ ಗಿಡ ಬೆಳೆಸಲು ಬಳಸುವ 660ರದೂ ಇದೆ. ಎರಡನೆಯದು ಗಿಡಕ್ಕೆ ಒಳ್ಳೆಯದು, ನೋಡುವ ಜನಕ್ಕೆ ಅಲ್ಲ. ನೀಲಿಯಲ್ಲೂ ಹಾಗೆಯೇ: 'ರಾಯಲ್ ಬ್ಲೂ' ಎಂದು ಕೊಡುವುದು 450ರ ಆಸುಪಾಸಿನದು, ಬರಿಯ 'ಬ್ಲೂ' ಎಂದರೆ 470ರ ಆಸುಪಾಸು. ಕತ್ತಿಗೆ 470ರದೇ ಆಗಬೇಕು. ನೀಲಿಯ ಲುಮೆನ್ ಸಂಖ್ಯೆ, ಎಂದರೆ ಕಣ್ಣಿಗೆ ಕಾಣುವ ಬೆಳಕಿನ ಅಳತೆ, ಹಸಿರಿನದಕ್ಕಿಂತ ತೀರ ಕಡಿಮೆಯಿರುವುದನ್ನು ಕಂಡು ಗಾಬರಿಪಡಬೇಡ. ಸಮನಾದ ಶಕ್ತಿಯ ಬೆಳಕಿಗೆ 525ರ ಹಸಿರಿನ ಎಂಟನೆಯ ಒಂದು ಪಾಲಿನಷ್ಟು ಲುಮೆನ್ ಮಾತ್ರ 470ರ ನೀಲಿಗೆ ಲೆಕ್ಕವಾಗುತ್ತದೆ. ಲುಮೆನ್ ಎಂಬ ಅಳತೆ ಹಗಲುಗಣ್ಣಿನ ಅಳತೆ. ಕತ್ತಲೆಗೆ ಒಗ್ಗಿದ ಕಣ್ಣು ನೀಲಿಯ ಕಡೆಗೆ ಹೆಚ್ಚು ಒಲಿಯುತ್ತದೆ, ಕೆಂಪು ಅದಕ್ಕೆ ಕಪ್ಪಾಗಿ ಕಾಣುತ್ತದೆ. ಹೀಗಾಗಿ ಕತ್ತಲೆ ರಂಗದಲ್ಲಿ ದೇವಿಯ ಕತ್ತಿ ಎದ್ದು ಕಾಣುವುದು ಸುಲಭ. ಮಹಿಷನ ಕತ್ತಿಗೇ ನೀನು ಹೆಚ್ಚು ಬೆಳಕನ್ನು ಎತ್ತಿಡಬೇಕು.

ಎರಡನೆಯದು ಬಿಸಿ. ಇದನ್ನು ನೀನು ಮನಸ್ಸಿಟ್ಟು ಓದಬೇಕು, ಏಕೆಂದರೆ ಎಲ್‌ಇಡಿಯನ್ನು ಆಯ್ದುಕೊಳ್ಳುವ ಕೆಲಸ ನಿಜವಾಗಿ ಶುರುವಾಗುವುದು ಹಿಡಿಯಿಂದ. ಎಲ್‌ಇಡಿ ಬಿಸಿಯಾಗುವುದಿಲ್ಲವೆಂದು ಜನ ತಿಳಿದಿದ್ದಾರೆ. ಅದು ಹಳೆಯ ಬಲ್ಬಿನ ಹಾಗೆ ಬಿಸಿಯನ್ನು ಮುಂದಕ್ಕೆ ಚೆಲ್ಲುವುದಿಲ್ಲ, ಅಷ್ಟೇ. ಕೊಟ್ಟ ವಿದ್ಯುತ್ತಿನ ದೊಡ್ಡ ಪಾಲು ಬೆನ್ನ ಹಿಂದೆ ಬಿಸಿಯಾಗಿಯೇ ಇಳಿಯುತ್ತದೆ. ಆ ಬಿಸಿಗೆ ದಾರಿ ಮಾಡಿಕೊಡದಿದ್ದರೆ ಚಿಪ್ ಕಾಯುತ್ತದೆ, ಕಾದಂತೆ ಬೆಳಕು ಇಳಿಯುತ್ತದೆ, ಕೊನೆಗೆ ಸಾಯುತ್ತದೆ. ಕೆಂಪು ಎಲ್‌ಇಡಿಯಂತೂ ನೀಲಿಗಿಂತ ಬೇಗ ಬಿಸಿಗೆ ಸೋಲುತ್ತದೆ. ಒಂದು ನಿಮಿಷ ಉರಿಸಿ ನೋಡಿ ಚೆನ್ನಾಗಿದೆಯೆಂದು ತೃಪ್ತಿಪಡುವವರು ಮೋಸಹೋಗುವುದು ಇಲ್ಲಿಯೇ. ಮರದ ಹಿಡಿಯಾಗಲಿ ಪ್ಲಂಬಿಂಗಿನ ಪಿವಿಸಿ ಪೈಪಾಗಲಿ ಬಿಸಿಯನ್ನು ಹೊರಗೆ ಬಿಡದು. ಅಲ್ಯೂಮಿನಿಯಂ ಕೊಳವೆಯನ್ನೇ ಹಿಡಿಯಾಗಿ ಮಾಡಿಕೊಂಡು, ಅದರೊಳಗೆ ಬಿಗಿಯಾಗಿ ಕೂರುವ ಅಲ್ಯೂಮಿನಿಯಂ ತುಂಡೊಂದನ್ನು ಲೇತ್ ಇರುವವರಲ್ಲಿ ತಿರುಗಿಸಿ, ಎಲ್‌ಇಡಿಯನ್ನು ಬೆಸೆದಿರುವ ನಕ್ಷತ್ರಾಕಾರದ ಲೋಹದ ತಟ್ಟೆಯನ್ನು, ಎಂದರೆ ಸ್ಟಾರ್ ಪ್ಲೇಟನ್ನು, ಅದರ ಮೇಲೆ ಹೀಟ್‌ಸಿಂಕ್ ಪೇಸ್ಟ್ ತೆಳ್ಳಗೆ ಸವರಿ ಸ್ಕ್ರೂ ಹಾಕಿ ಕೂರಿಸು. ಪೇಸ್ಟನ್ನು ದೋಸೆಗೆ ಬೆಣ್ಣೆ ಹಾಕಿದ ಹಾಗೆ ಹಾಕಬೇಡ. ಎರಡು ಲೋಹಗಳ ನಡುವೆ ಗಾಳಿ ನಿಲ್ಲುವ ಸಂದು ತುಂಬುವಷ್ಟಿದ್ದರೆ ಸಾಕು. ಸ್ಕ್ರೂವಿನ ತಲೆ ಬೆಸುಗೆಯ ಜಾಗಕ್ಕೆ ತಾಗದಂತೆ ಫೈಬರ್ ವಾಷರ್ ಹಾಕುವುದನ್ನು ಮರೆಯದಿರು. ಹದಿನೈದು ನಿಮಿಷ ಉರಿಸಿದ ಮೇಲೂ ಹಿಡಿಯನ್ನು ಕೈಯಲ್ಲಿ ಆರಾಮವಾಗಿ ಹಿಡಿದುಕೊಳ್ಳುವಂತಿರಬೇಕು. ಕೈ ಹಿಂದೆ ಸರಿದರೆ ಕರೆಂಟ್ ಇಳಿಸು.

ಇಷ್ಟು ತಿಳಿದ ಮೇಲೆ ವಾಟಿನ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಮಕ್ಕಳ ಕೈಗೆ ಹಿಡಿಸುವಷ್ಟು ಸಣ್ಣ ಹಿಡಿಯಿಂದ ಎರಡು ಮೂರು ವಾಟಿನ ಬಿಸಿ ಹೊರಹೋದೀತು, ಇಪ್ಪತ್ತು ವಾಟಿನದು ಹೋಗದು. ಆದ್ದರಿಂದ ಮೂರು ವಾಟಿನ ದರ್ಜೆಯ ಒಂದೊಂದು ಎಲ್‌ಇಡಿ ತೆಗೆದುಕೊಂಡು 700 ಮಿಲಿಯಾಂಪಿನಲ್ಲಿ ಓಡಿಸು. ಬೆಳಕು ಇಮ್ಮಡಿಯಾದರೆ ಕಣ್ಣಿಗೆ ಇಮ್ಮಡಿಯಾಗಿ ಕಾಣುವುದಿಲ್ಲ. ಅದಕ್ಕಿಂತ, ಕಾಳಗದ ದೃಶ್ಯ ಬಂದಾಗ ರಂಗದ ಮುಂದಿನ ಫ್ಲಡ್ ಲೈಟುಗಳನ್ನು ಆರಿಸಲು ಲೈಟಿನವರನ್ನು ಮೊದಲೇ ಒಪ್ಪಿಸಿಕೋ.

ಇನ್ನು ಮೂರನೆಯದು, ಕರೆಂಟಿನ ವಿಚಾರ. ಎಲ್‌ಇಡಿಗೆ ವೋಲ್ಟ್ ಕೊಡುವುದಲ್ಲ, ಕರೆಂಟನ್ನು ಅಳೆದು ಕೊಡಬೇಕು. ಕೆಂಪು ಎಲ್‌ಇಡಿಗೆ 2ರಿಂದ 2.4 ವೋಲ್ಟ್ ಸಾಕು. ನೀಲಿಗೆ 3ರಿಂದ 3.6 ಬೇಕು. 18650 ಎಂಬ ಗಾತ್ರದ, ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಥಿಯಂ ಸೆಲ್ ಪೂರ್ತಿ ಚಾರ್ಜಾದಾಗ 4.2 ವೋಲ್ಟ್ ಇರುತ್ತದೆ. ಕೆಂಪು ಕತ್ತಿಗೆ ಒಂದು ಸೆಲ್ ಮತ್ತು ಒಂದು ರೆಸಿಸ್ಟರ್ ನಡೆಯುತ್ತದೆ: 4.2ರಲ್ಲಿ 2.3 ಕಳೆದರೆ ಉಳಿಯುವ 1.9 ವೋಲ್ಟನ್ನು 0.7 ಆಂಪಿನಿಂದ ಭಾಗಿಸಿದರೆ ಸುಮಾರು 2.7 ಓಮ್. ಆ ರೆಸಿಸ್ಟರಿನಲ್ಲೇ 1.3 ವಾಟ್ ಬಿಸಿ ಹುಟ್ಟುವುದರಿಂದ ಕಾಲು ವಾಟಿನ ಪುಟ್ಟದನ್ನು ಹಾಕದೆ ಐದು ವಾಟಿನ ಬಿಳಿ ಸೆರಾಮಿಕ್ ರೆಸಿಸ್ಟರ್ ಹಾಕು. ನೀಲಿಗೆ ಈ ಉಪಾಯ ನಡೆಯದು. ಸೆಲ್ 3.4 ವೋಲ್ಟಿಗೆ ಇಳಿದ ಕೂಡಲೇ ನೀಲಿಯ ಕರೆಂಟ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ನಾಟಕದ ಕೊನೆಯ ದೃಶ್ಯಕ್ಕೆ ಬರುವಷ್ಟರಲ್ಲಿ ದೇವಿಯ ಕತ್ತಿ ಮಂಕಾಗಿರುತ್ತದೆ. ಅದಕ್ಕೆ ಎರಡು ಸೆಲ್ ಸಾಲಾಗಿ ಜೋಡಿಸಿ ಸೆಲ್ಲಿನ ವೋಲ್ಟ್ ಇಳಿದರೂ ಕರೆಂಟನ್ನು ಒಂದೇ ಮಟ್ಟದಲ್ಲಿಡುವ ಪುಟ್ಟ ಸರ್ಕ್ಯೂಟ್, ಎಂದರೆ 700 ಮಿಲಿಯಾಂಪಿನ ಸ್ಥಿರ ಕರೆಂಟ್ ಡ್ರೈವರ್ ಹಾಕಲೇಬೇಕು. ಖರ್ಚು ಸ್ವಲ್ಪ ಹೆಚ್ಚಾದರೂ ಕೆಂಪಿಗೂ ಅದನ್ನೇ ಹಾಕಿದರೆ ನನಗೆ ನೆಮ್ಮದಿ.

ಸೆಲ್ ಕೊಳ್ಳುವಾಗ ಎಚ್ಚರ. ಮೇಲೆ 9900 ಎಂದು ಅಚ್ಚು ಹಾಕಿದ 18650 ಸೆಲ್ ಕಂಡರೆ ಮುಟ್ಟಬೇಡ. ಆ ಗಾತ್ರದ ಒಳ್ಳೆಯ ಸೆಲ್ಲಿಗೂ 3500 ಮಿಲಿಯಾಂಪ್ ಗಂಟೆಯ ಆಸುಪಾಸೇ ಹಿಡಿಯುವುದು. ಸುಳ್ಳು ಬರೆದವರು ಒಳಗೆ ಏನು ತುಂಬಿದ್ದಾರೋ ಯಾರಿಗೆ ಗೊತ್ತು? ಕತ್ತಿಯನ್ನು ಹಿಡಿಯುವುದು ಮಗುವಿನ ಕೈ. ಸೆಲ್ಲಿಗೆ ರಕ್ಷಣಾ ಸರ್ಕ್ಯೂಟ್ ಇರಲಿ, ಹೊರಗೆ ಫ್ಯೂಸ್ ಇರಲಿ, ಚಾರ್ಜಿಗೆ ಇಟ್ಟು ಮಲಗುವ ಅಭ್ಯಾಸ ಬೇಡ.

ಅಲಗಿಗೆ ಪಾಲಿಕಾರ್ಬೊನೇಟ್ ಕೊಳವೆ ಹುಡುಕು. ಅಕ್ರಿಲಿಕ್ ನೋಡಲು ಅಷ್ಟೇ ಚೆಂದ, ಆದರೆ ಏಟಿಗೆ ಸೀಳುತ್ತದೆ. ಹಿಡಿಯಲ್ಲಿ ಎಲ್‌ಇಡಿ ಕೂತು ಮೇಲಕ್ಕೆ ಬೆಳಕು ಹಾಯಿಸುವ ಕತ್ತಿಯಲ್ಲಿ ಬುಡ ಬೆಳ್ಳಗೆ, ತುದಿ ಕಪ್ಪಗೆ ಆಗುವುದೇ ದೊಡ್ಡ ತೊಡಕು. ಹತ್ತು ಡಿಗ್ರಿ ಸುಮಾರಿನ ಕಿರಿದಾದ ಲೆನ್ಸನ್ನು, ಅದೂ ನೀನು ಕೊಂಡ ಎಲ್‌ಇಡಿಗೇ ಹೊಂದುವಂಥದನ್ನು ಹಾಕಿ, ಕೊಳವೆಯೊಳಗೆ ಹೂಗುಚ್ಛಕ್ಕೆ ಸುತ್ತುವ ಪಾರದರ್ಶಕ ಹಾಳೆಯನ್ನು ಒಂದೆರಡು ಸುತ್ತು ತೂರಿಸಿ, ತುದಿಯ ಮುಚ್ಚಳದ ಒಳಮುಖಕ್ಕೆ ಸಣ್ಣ ಕನ್ನಡಿ ಚೂರನ್ನು ಅಂಟಿಸಿದರೆ ಬೆಳಕು ಉದ್ದಕ್ಕೂ ಹರಡುತ್ತದೆ. ಅಲಗಿನ ಉದ್ದಕ್ಕೂ ಎಲ್‌ಇಡಿ ಸ್ಟ್ರಿಪ್, ಎಂದರೆ ಸಣ್ಣ ಎಲ್‌ಇಡಿಗಳ ಪಟ್ಟಿ ಹಾಕಿದರೆ ಇನ್ನೂ ಸಮನಾಗಿ ಬೆಳಗುತ್ತದೆ ಎಂದು ನಿನ್ನ ಗೆಳತಿ ಹೇಳಿದ್ದು ನಿಜವೇ. ಆದರೆ ಹುಡುಗರು ಕತ್ತಿಗೆ ಕತ್ತಿ ತಾಗಿಸದೆ ಬಿಡುವವರಲ್ಲ, ನಾಲ್ಕು ಏಟಿಗೆ ಸ್ಟ್ರಿಪ್ಪಿನ ಬೆಸುಗೆ ಬಿಡುತ್ತದೆ. ವಿಗ್ರಹದ ಕೈಯ ಕತ್ತಿಗೆ ಸ್ಟ್ರಿಪ್, ಮಕ್ಕಳ ಕೈಯ ಕತ್ತಿಗೆ ಹಿಡಿಯೊಳಗಿನ ಒಂದೇ ಎಲ್‌ಇಡಿ: ಇದು ನನ್ನ ತೀರ್ಮಾನ.

ಕೊಡವರ ಒಡಿಕತ್ತಿಯ ಆಕಾರದಲ್ಲಿ ಅಗಲವಾಗಿ ಬಾಗಿದ ಅಲಗು ಮಾಡಬಹುದೇ ಎಂದೂ ನೀನು ಕೇಳಿದ್ದೀಯ. ಕೊಳವೆಯಲ್ಲಿ ಅದು ಆಗದು. ದಪ್ಪ ಅಕ್ರಿಲಿಕ್ ಹಾಳೆಯನ್ನು ಆ ಆಕಾರಕ್ಕೆ ಕತ್ತರಿಸಿ, ಬುಡದ ಅಂಚಿನಿಂದ ಬೆಳಕು ಹಾಯಿಸಿ, ಮೇಲ್ಮೈಯನ್ನು ಉಪ್ಪುಕಾಗದದಿಂದ ಉಜ್ಜಿದರೆ ಉಜ್ಜಿದ ಕಡೆಯಲ್ಲೆಲ್ಲ ಬೆಳಕು ಹೊರಗೆ ಸೋರುತ್ತದೆ, ಬಹಳ ಸುಂದರವಾಗಿ ಕಾಣುತ್ತದೆ. ಆದರೆ ಅದನ್ನು ಗೋಡೆಗೆ ತೂಗುಹಾಕಲು ಮಾಡು, ಕಾಳಗಕ್ಕೆ ಬೇಡ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ಪೂಜೆಗೆ ಇಡುವ ಮನೆಯ ಒಡಿಕತ್ತಿಯ ಅಳತೆಯನ್ನು ಕಾಗದದ ಮೇಲೆ ಬರೆದುಕೊಳ್ಳುವುದಾದರೆ ಮೊದಲು ನಿಮ್ಮ ಅಜ್ಜಿಯ ಅಪ್ಪಣೆ ಕೇಳು.

ಬೆಸುಗೆ ಮಾಡಿ ಪರೀಕ್ಷಿಸುವಾಗ ಬರಿಯ ಎಲ್‌ಇಡಿಯನ್ನು ನೇರವಾಗಿ ನೋಡಬೇಡ, ನೀಲಿಯನ್ನಂತೂ ಖಂಡಿತ ಬೇಡ. ಮೇಲೊಂದು ಬಟರ್ ಪೇಪರ್ ಮುಚ್ಚಿ, ಆ ಕಾಗದದ ಮೇಲೆ ಬಿದ್ದ ಬೆಳಕನ್ನು ನೋಡಿದರೆ ಬಣ್ಣವೂ ತಿಳಿಯುತ್ತದೆ, ಕಣ್ಣೂ ಉಳಿಯುತ್ತದೆ. ಹಬ್ಬದ ಹೊತ್ತಿಗೂ ನಮ್ಮ ಕಡೆ ಮಳೆ ಮಂಜು ತಪ್ಪಿದ್ದಲ್ಲ. ಸ್ವಿಚ್ಚಿನ ಸುತ್ತ ಸಿಲಿಕೋನ್ ಹಚ್ಚಿ ತೇವ ಒಳಗೆ ಇಳಿಯದಂತೆ ಮಾಡು.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ ಕೆಂಪು 625ರ ಎರಡು ಮತ್ತು ನೀಲಿ 470ರ ಎರಡು ಸ್ಟಾರ್ ಪ್ಲೇಟುಗಳು ನನ್ನ ಪೆಟ್ಟಿಗೆಯಲ್ಲಿವೆ. ಭಾನುವಾರ ಅಲ್ಲಿಗೆ ಬರುವ ನಿನ್ನ ಅಣ್ಣನ ಕೈಯಲ್ಲಿ ಅವನ್ನೂ ನನ್ನ ಹಳೆಯ ಮಲ್ಟಿಮೀಟರನ್ನೂ ಕಳುಹಿಸುತ್ತೇನೆ. ಕೆಂಪನ್ನು ಮೊದಲು ಜೋಡಿಸಿ, ಉರಿಸಿದ ಕೂಡಲೇ ಎಷ್ಟು ಕರೆಂಟ್ ಹರಿಯಿತು, ಹದಿನೈದು ನಿಮಿಷದ ಮೇಲೆ ಎಷ್ಟಾಯಿತು, ಹಿಡಿ ಎಷ್ಟು ಬಿಸಿಯಾಯಿತು ಎಂಬುದನ್ನು ಬರೆದಿಟ್ಟುಕೊಂಡು ರಾತ್ರಿ ನನಗೆ ಫೋನ್ ಮಾಡು. ಆ ಮೂರು ಅಂಕಿಗಳನ್ನು ಕೇಳಿದ ಮೇಲೆ ನೀಲಿಯ ಡ್ರೈವರನ್ನು ತರಿಸೋಣ.

ನಿನ್ನ ಅಪ್ಪ ಅಮ್ಮನಿಗೆ ನನ್ನ ನೆನಪುಗಳು, ಅಜ್ಜಿಗೆ ನಮಸ್ಕಾರಗಳು.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ
ದೊಡ್ಡಪ್ಪ