ನೆರಳು ಅಳೆದ ಮಕ್ಕಳ ಪರವಾಗಿ

ಶಿರಸಿ ಹತ್ತಿರದ ನಮ್ಮ ಸರ್ಕಾರಿ ಹೈಸ್ಕೂಲಿನ ಒಂಬತ್ತನೇ ಕ್ಲಾಸಿನವರು ಗ್ರೀಸ್ ದೇಶದ ಪಾತ್ರಾಸ್ ಊರಿನ ಮಕ್ಕಳ ಜೊತೆ ಸೇರಿ, ಎರಡೂ ಊರಲ್ಲಿ ನಡುಮಧ್ಯಾಹ್ನ ಕೋಲಿನ ನೆರಳು ಅಳೆದು, ಭೂಮಿಯ ಸುತ್ತಳತೆ ಲೆಕ್ಕ ಹಾಕಿ ಮುಗಿಸಿದರು. ಇಬ್ಬರೂ ಸೇರಿ ಬರೆದ ವರದಿ ಮೊನ್ನೆ ಸಿದ್ಧವಾಯಿತು. ಥ್ಯಾಂಕ್ಸ್ ಹೇಳೋದೊಂದು ಬಾಕಿ ಇತ್ತು.

ವೆಬ್‌ಕ್ಯಾಮ್ ಕೊಡಿಸಿದ ಹಳೇ ವಿದ್ಯಾರ್ಥಿಗಳು, ತಮ್ಮ ಪೀರಿಯಡ್ ಬಿಟ್ಟುಕೊಟ್ಟ ಗಣಿತದ ಮಾಸ್ತರು, ಬೆನ್ನಿಗೆ ನಿಂತ ಹೆಡ್‌ಮಾಸ್ತರು, ಕೋಲು ನೆಟ್ಟಗೆ ನಿಲ್ಲಿಸಲು ತೂಗುಗುಂಡು ಕೊಟ್ಟ ಗಾರೆ ಕೆಲಸದವರು, ಪಾತ್ರಾಸಿನ ಟೀಚರು, ನಿಮಗೆಲ್ಲ ಮನಸಾರೆ ಧನ್ಯವಾದ.

ಆದರೆ ಇದನ್ನು ನಾನು ಬರೆಯಲು ಕೂತದ್ದು ನಮ್ಮ ಬಿಸಿಯೂಟದ ಅಕ್ಕನಿಗಾಗಿ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಸೆಪ್ಟೆಂಬರ್ 23ಕ್ಕೆ ಅಳತೆ ಅಂತ ಗೊತ್ತು ಮಾಡಿದ್ದೆವು. ಆ ಹೊತ್ತಿಗೆ ಹಗಲು ರಾತ್ರಿ ಸಮ, ಸೂರ್ಯ ಭೂಮಧ್ಯರೇಖೆಯ ನೆತ್ತಿಯ ಮೇಲೆ. ಹಾಗಾಗಿ ಲೆಕ್ಕ ಸುಲಭ. ಬಿಟ್ಟರೆ ಮತ್ತೆ ಮಾರ್ಚಿಗೇ. ಹಿಂದಿನ ಸಂಜೆ ಊರಲ್ಲಿ ಸುದ್ದಿ ಹಬ್ಬಿತು, ಹೆಣ್ಣುಮಕ್ಕಳ ಫೋಟೋ ಫಾರಿನ್ನಿಗೆ ಹೋಗ್ತದಂತೆ ಅಂತ. ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ ನಮ್ಮ ಹುಡುಗಿಯನ್ನು ಕಳಿಸುವುದಿಲ್ಲ ಅಂದರು. ಫೋಟೋ ತೆಗೆಯುವುದಿಲ್ಲ, ಪೂರ್ತಿ ಹೆಸರು ಹೇಳುವುದಿಲ್ಲ ಅಂದೆ. 1988ರಲ್ಲೇ ನ್ಯೂಯಾರ್ಕ್ ಮತ್ತು ಮಾಸ್ಕೋದ ಶಾಲೆಗಳು ಕಂಪ್ಯೂಟರ್ ಮೂಲಕ ಒಟ್ಟಿಗೆ ಕಲಿತಿದ್ದವು, ಅದೇ ಮುಂದೆ ಐಅರ್ನ್ ಅನ್ನುವ ದೊಡ್ಡ ಜಾಲವಾಯಿತು ಅಂತಲೂ ಹೇಳಿದೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ಅವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಮೊಬೈಲಿನಿಂದ ಏನೇನು ಆಗ್ತದೆ ಅಂತ ದಿನಾ ಕೇಳ್ತಾರೆ, ಅಲ್ವಾ?

ಹುಡುಗರಷ್ಟೇ ಮಾಡಲಿ ಬಿಡಿ ಅಂತ ಒಬ್ಬರು ಸಲಹೆ ಕೊಟ್ಟರು. ಆ ಮಾತು ತಡೆದುಕೊಳ್ಳಲು ಆಗಲಿಲ್ಲ. ಮಳೆಗಾಲವಿಡೀ ಕೋಲು ನಿಲ್ಲಿಸಿ ಅಭ್ಯಾಸ ಮಾಡಿದವರು ಆ ಹುಡುಗಿಯರೇ. ಪಾತ್ರಾಸಿಗೆ "ಈ ಸಲ ಆಗುವುದಿಲ್ಲ" ಅಂತ ಬರೆಯಲು ಕೂತೆ. ಒಂದು ಸಾಲು ಬರೆಯುವಷ್ಟರಲ್ಲಿ ಅಳು ಬಂತು.

ಆಗ ಅಕ್ಕ ಬಂದರು. ಅವರ ಮಗಳೂ ಅದೇ ಕ್ಲಾಸು. "ಅಕ್ಕೋರೆ, ಅದನ್ನ ಆಮೇಲೆ ಬರೀರಿ. ಮೊದಲು ಟಾರ್ಚ್ ತಗೊಳ್ಳಿ" ಅಂದರು.

ಮಳೆಯಲ್ಲಿ ಕೊಡೆ ಹಿಡಿದು ಮನೆಮನೆಗೆ ಹೋದೆವು. ಅಕ್ಕ ವಾದ ಮಾಡಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಅಮ್ಮಂದಿರ ಪಕ್ಕ ಕೂತರು. "ನಿನ್ನ ಮಗಳಿಗೆ ದಿನಾ ಅನ್ನ ಹಾಕೋಳು ನಾನು. ನಾಳೆ ಅವಳ ಪಕ್ಕದಲ್ಲೇ ಇರ್ತೇನೆ. ನೀನೂ ಬಾ, ನೋಡು." ಅಷ್ಟೇ ಮಾತು. ಒಂದು ಮನೆಯಲ್ಲಿ ಯಜಮಾನರು ಬಾಗಿಲಲ್ಲೇ ಬೈದರು. ಅಕ್ಕ ಜಗಲಿ ಮೇಲೆ ಕೂತೇ ಬಿಟ್ಟರು. ಸುಮಾರು ಹೊತ್ತಾದ ಮೇಲೆ ಅಜ್ಜಿ ಒಳಗಿನಿಂದ ಕವಳದ ತಟ್ಟೆ ತಂದಿಟ್ಟರು. ಅಲ್ಲಿಂದ ಮಾತು ಮೆತ್ತಗಾಯಿತು. ಮುಗಿಸಿ ಬರುವಾಗ ಊರೆಲ್ಲ ಮಲಗಿತ್ತು. ಬೆಳಿಗ್ಗೆ ನಾನು ಶಾಲೆಗೆ ಹೋದಾಗ ಅವರು ಎಂದಿನಂತೆ ಅಕ್ಕಿ ತೊಳೆಯುತ್ತಿದ್ದರು.

ಹುಡುಗಿಯರೆಲ್ಲ ಬಂದರು. ಜೊತೆಗೆ ಅಮ್ಮಂದಿರೂ ಬಂದರು. ನಮ್ಮಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು 12 ಗಂಟೆ 23 ನಿಮಿಷಕ್ಕೆ. ಅಲ್ಲಿಯವರೆಗೂ ಮೋಡ. ಸರಿಯಾದ ಹೊತ್ತಿಗೆ ಬಿಸಿಲು ಬಿತ್ತು. ಅಕ್ಕನ ಮಗಳು ಒದ್ದೆ ಸಿಮೆಂಟ್ ನೆಲವನ್ನು ವೇಲ್‌ನಿಂದ ಒರೆಸಿ, ಮೊಣಕಾಲೂರಿ, ನೆರಳಿನ ತುದಿಗೆ ಸೀಮೆಸುಣ್ಣದಿಂದ ಗೀಟು ಹಾಕಿದಳು. ಒಂದು ಮೀಟರ್ ಕೋಲಿಗೆ 26 ಸೆಂಟಿಮೀಟರ್ ನೆರಳು.

ಪಾತ್ರಾಸಿನ ನಡುಮಧ್ಯಾಹ್ನ ಅಂದರೆ ನಮಗೆ ಇನ್ನೇನು ನಾಲ್ಕು ಗಂಟೆ. ವಿಡಿಯೋದಲ್ಲಿ ಅವರೂ ಅಳೆದರು. ಅಷ್ಟೇ ಉದ್ದದ ಕೋಲು, ನೆರಳು ಮಾತ್ರ 79 ದಾಟಿತ್ತು! ಹಿಂದಿನ ರಾತ್ರಿ ಜಾಸ್ತಿ ಹೆದರಿದ್ದ ಅಮ್ಮ "ಅಲ್ಲಿ ಮಳೆ ಇಲ್ವಾ ಕೇಳಿ" ಅಂದರು. ಅಲ್ಲಿಯ ಹುಡುಗಿ ಕ್ಯಾಮೆರಾ ಮೇಲೆತ್ತಿ ನೀಲಿ ಆಕಾಶ ತೋರಿಸಿದಳು.

ಕೋಲು, ನೆರಳು ಸೇರಿಸಿ ತ್ರಿಕೋನ ಬರೆದು, ಕೋಲಿನ ತುದಿಯ ಕೋನಕ್ಕೆ ಕೋನಮಾಪಕ ಇಟ್ಟರು. ನಮ್ಮದು ಹದಿನಾಲ್ಕೂವರೆ ಡಿಗ್ರಿ, ಅವರದು ಮೂವತ್ತೆಂಟೂವರೆ. ವ್ಯತ್ಯಾಸ 24. ಭೂಮಿ ದುಂಡಗಿರುವುದರಿಂದ ಎರಡು ಊರುಗಳ ನಡುವಿನ ಬಾಗು ಅಷ್ಟೇ, ಅಂದರೆ ಇಡೀ ವೃತ್ತದ ಹದಿನೈದನೇ ಒಂದು ಪಾಲು. ನಕ್ಷೆಯಲ್ಲಿ ಉತ್ತರ-ದಕ್ಷಿಣ ಅಂತರ ಸುಮಾರು 2,620 ಕಿ.ಮೀ. ಅದನ್ನು ಹದಿನೈದರಿಂದ ಗುಣಿಸಿದರೆ 39,300. ಧ್ರುವಗಳ ಮೇಲಿಂದ ಅಳೆದರೆ ಭೂಮಿಯ ಸುತ್ತಳತೆ ಸುಮಾರು 40,008 ಕಿ.ಮೀ. ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನ ಎರಡು ಊರುಗಳನ್ನು ಇಟ್ಟುಕೊಂಡು ಹಾಕಿದ ಲೆಕ್ಕವೂ ಇದೇ ಬಗೆಯದು. ನಾವು ಮಾಡಿದ ಈ ಲೆಕ್ಕಕ್ಕೆ ನಮ್ಮೊಬ್ಬರ ನೆರಳು ಸಾಲುತ್ತಿರಲಿಲ್ಲ. ದೂರದಲ್ಲಿ ಇನ್ನೊಂದು ಕೋಲು ಬೇಕಿತ್ತು. ಮಕ್ಕಳಿಗೆ ಇದು ಕೈಯಾರೆ ಗೊತ್ತಾಯಿತು.

ಅಕ್ಕಾ, ಇದನ್ನು ಮಗಳು ನಿಮಗೆ ಓದಿ ಹೇಳ್ತಾಳೆ ಅಂತ ಗೊತ್ತು. ಆ ರಾತ್ರಿ ನೀವು ಬರದಿದ್ದರೆ ನಾನು ಆ ಪತ್ರ ಕಳಿಸಿಬಿಡುತ್ತಿದ್ದೆ. ಈ ಋಣ ನಾನು ಮರೆಯುವುದಿಲ್ಲ. ಮಾರ್ಚಿನಲ್ಲಿ ಮತ್ತೆ ಅಳೆಯುತ್ತೇವೆ. ಅವತ್ತು ಬಡಿಸುವುದನ್ನು ಸ್ವಲ್ಪ ತಡವಾಗಿ ಇಟ್ಟುಕೊಳ್ಳೋಣ, ಹೆಡ್‌ಮಾಸ್ತರಿಗೆ ಈಗಲೇ ಹೇಳಿದ್ದೇನೆ. ಈ ಸಲ ನೀವೂ ಅಂಗಳಕ್ಕೆ ಬರಬೇಕು.